ಮನೆ ಹೋಗುವ ಮುಂಚಿನ ತಿಂಗಳುಗಳು: ಸ್ಕಾಟ್ಲೆಂಡಿನ ಜೋಡಿಸಿದ ದಾಖಲೆಗಳೊಂದಿಗೆ ನನ್ನ ಕೆಲಸ

ಸ್ಕಾಟ್ಲೆಂಡಿನಲ್ಲಿ ಮನೆ ಕಳೆದುಕೊಂಡವರು, ಅಥವಾ ಎರಡು ತಿಂಗಳೊಳಗೆ ಕಳೆದುಕೊಳ್ಳುವ ಸ್ಥಿತಿಯಲ್ಲಿರುವವರು, ತಮ್ಮ ಊರಿನ ಕೌನ್ಸಿಲ್ಲಿಗೆ, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಗೆ, ವಸತಿ ನೆರವಿಗಾಗಿ ಅರ್ಜಿ ಹಾಕಿದಾಗ ಅದರ ವಿವರಗಳು ಎಚ್‌ಎಲ್‌1 ಎಂಬ ನಮೂನೆಯಲ್ಲಿ ದಾಖಲಾಗಿ ಸ್ಕಾಟಿಷ್ ಸರ್ಕಾರಕ್ಕೆ ಹೋಗುತ್ತವೆ. ನಾನು ಕೆಲವು ವರ್ಷ ಒಂದು ಕೌನ್ಸಿಲ್ಲಿನ ವಸತಿ ವಿಭಾಗದಲ್ಲಿ ಕುಳಿತು ಈ ನಮೂನೆಯನ್ನು ತುಂಬಿದವಳು. ಆಮೇಲೆ ವಿಶ್ವವಿದ್ಯಾಲಯವೊಂದರ ಸಂಶೋಧನಾ ತಂಡವನ್ನು ಸೇರಿ, ಅದೇ ನಮೂನೆಗಳು ಆಸ್ಪತ್ರೆಯ ದಾಖಲೆಗಳ ಜೊತೆ ಜೋಡಣೆಯಾಗಿ ನೀತಿ ರೂಪಿಸುವವರ ಮೇಜಿಗೆ ತಲುಪುವ ದಾರಿಯನ್ನೂ ನಡೆದು ನೋಡಿದೆ. ಮನೆಯಿಲ್ಲದವರ ಬಗ್ಗೆ ‘ಡೇಟಾ’ ಎಂದು ಮಾತಾಡುವಾಗ ಈ ಎರಡು ತುದಿಗಳ ನಡುವೆ ನಡೆಯುವುದೇನು ಎಂಬುದು ಹೊರಗಿನವರಿಗೆ ಕಾಣುವುದು ಕಡಿಮೆ, ಆದ್ದರಿಂದ ಅದನ್ನು ಬರೆದಿಡುವುದು ಅಗತ್ಯ ಎಂದು ನನಗೆ ಅನ್ನಿಸಿದೆ.

ಮೊದಲು ನಮೂನೆಯ ವಿಚಾರ. ಅದರಲ್ಲಿ ಒಂದು ಪ್ರಶ್ನೆ, ಅರ್ಜಿ ಹಾಕಲು ತಾಂತ್ರಿಕ ಕಾರಣವೇನು ಎಂದು ಕೇಳುತ್ತದೆ: ಬಾಡಿಗೆ ಬಾಕಿಯಿಂದ ಕರಾರು ಮುಗಿಯಿತೇ, ಮನೆಯವರೇ ಹೊರಗೆ ಹೋಗೆಂದರೇ, ಮನೆಯೊಳಗೆ ಹಿಂಸೆ ನಡೆಯಿತೇ, ಜೈಲಿನಿಂದಲೋ ಆಸ್ಪತ್ರೆಯಿಂದಲೋ ಬಿಡುಗಡೆಯಾಗಿ ಬಂದವರೇ. ಇನ್ನೊಂದು ಪ್ರಶ್ನೆ, ಇದ್ದ ಮನೆಯನ್ನು ಉಳಿಸಿಕೊಳ್ಳಲು ಆಗದೆ ಹೋದದ್ದಕ್ಕೆ ಕಾರಣಗಳನ್ನು ಕೇಳುತ್ತದೆ, ಮತ್ತು ಇಲ್ಲಿ ಒಂದಕ್ಕಿಂತ ಹೆಚ್ಚು ಗುರುತು ಹಾಕಬಹುದು: ಹಣದ ತೊಂದರೆ ಅಥವಾ ನಿರುದ್ಯೋಗ, ದೈಹಿಕ ಅನಾರೋಗ್ಯ, ಮಾನಸಿಕ ಅನಾರೋಗ್ಯ, ಮದ್ಯ ಅಥವಾ ಮಾದಕವಸ್ತುವಿನ ಅವಲಂಬನೆ, ಬಂಧುಮಿತ್ರರ ಆಸರೆ ಇಲ್ಲದಿರುವುದು, ವಸತಿ ಅಥವಾ ಆರೋಗ್ಯ ಸೇವೆಗಳಿಂದ ಸಿಗಬೇಕಿದ್ದ ನೆರವು ಸಿಗದಿರುವುದು. ಒಮ್ಮೆ ನನ್ನೆದುರು ಕುಳಿತ ನಡುವಯಸ್ಸಿನ ವ್ಯಕ್ತಿಯೊಬ್ಬರು ಕಾರಣ ಕೇಳಿದಾಗ, “ಬಾಡಿಗೆ ಕಟ್ಟಲಿಲ್ಲ, ಅಷ್ಟೇ” ಎಂದರು. ಗುರುತಿನ ಚೀಟಿಗಾಗಿ ಅವರು ತಡಕಾಡಿದ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಆಸ್ಪತ್ರೆಯಿಂದ ಬಂದ ಲಕೋಟೆಗಳಿದ್ದವು, ಕೆಲವನ್ನು ಒಡೆದೇ ಇರಲಿಲ್ಲ. ಮಾತು ಮುಂದುವರಿದಂತೆ ಬೆನ್ನುನೋವು, ಕೆಲಸ ಬಿಟ್ಟದ್ದು, ತಪ್ಪಿಸಿಕೊಂಡ ತಪಾಸಣೆಗಳು, ನಿದ್ದೆಯಿಲ್ಲದ ರಾತ್ರಿಗಳು ಒಂದೊಂದಾಗಿ ಹೊರಬಂದವು. ನಾನು ಬಾಡಿಗೆ ಬಾಕಿಗೂ ದೈಹಿಕ ಅನಾರೋಗ್ಯಕ್ಕೂ ಗುರುತು ಹಾಕಿದೆ. ಬರೆದದ್ದೆಲ್ಲ ನಿಜವೇ, ಆದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವ ತಿಂಗಳಲ್ಲಿ ಯಾರು ಮಧ್ಯೆ ಬಂದಿದ್ದರೆ ಬಾಡಿಗೆ ಬಾಕಿಯಾಗದೆ ಉಳಿಯುತ್ತಿತ್ತು ಎಂಬುದನ್ನು ಹಿಡಿದಿಡಲು ಆ ನಮೂನೆಯಲ್ಲಿ ಜಾಗವಿಲ್ಲ. ಅರ್ಜಿಯ ದಿನದಿಂದ ಮುಂದಿನದ್ದು ಅಲ್ಲಿ ವಿವರವಾಗಿ ದಾಖಲಾಗುತ್ತದೆ, ಹಿಂದಿನದ್ದು ನಾಲ್ಕಾರು ಗುರುತುಗಳಾಗಿ ಉಳಿಯುತ್ತದೆ.

ಆ ಹಿಂದಿನ ಕಾಲ ಬೇರೊಂದು ಕಡೆ, ಆರೋಗ್ಯ ಸೇವೆಯ ಕಡತಗಳಲ್ಲಿ, ದಿನಾಂಕ ಸಮೇತ ಬಿದ್ದಿರುತ್ತದೆ. ಎರಡನ್ನೂ ಇಡೀ ದೇಶದ ಮಟ್ಟದಲ್ಲಿ ಮೊದಲ ಬಾರಿಗೆ ಸೇರಿಸಿ ನೋಡಿದ ವರದಿಯನ್ನು ಸ್ಕಾಟಿಷ್ ಸರ್ಕಾರ 2018ರ ಜೂನ್‌ನಲ್ಲಿ ಪ್ರಕಟಿಸಿತು. 2001ರ ಜೂನ್‌ನಿಂದ 2016ರ ನವೆಂಬರ್‌ವರೆಗಿನ ವಸತಿರಹಿತರ ದಾಖಲೆಗಳಲ್ಲಿ ಕಂಡ 4,35,853 ಜನರನ್ನು ತೆಗೆದುಕೊಂಡು, ವಯಸ್ಸು ಮತ್ತು ಲಿಂಗ ಹೊಂದುವಂತೆ ಅಷ್ಟೇ ಸಂಖ್ಯೆಯ ಎರಡು ಗುಂಪುಗಳನ್ನು ಅವರ ಪಕ್ಕಕ್ಕೆ ಇಡಲಾಯಿತು. ಒಂದು ಗುಂಪು ಅತಿ ಬಡ ಪ್ರದೇಶಗಳದ್ದು, ಇನ್ನೊಂದು ಅತಿ ಅನುಕೂಲಸ್ಥ ಪ್ರದೇಶಗಳದ್ದು. ಒಟ್ಟು ಸುಮಾರು 13 ಲಕ್ಷ ಜನರ ತುರ್ತು ಚಿಕಿತ್ಸಾ ಭೇಟಿಗಳು, ಆಸ್ಪತ್ರೆ ದಾಖಲಾತಿಗಳು, ಹೊರರೋಗಿ ತಪಾಸಣೆಗಳು, ಔಷಧ ಚೀಟಿಗಳು ಮತ್ತು ಮರಣಗಳನ್ನು ಹೀಗೆ ಹೋಲಿಸಲಾಯಿತು. ಎರಡು ಗುಂಪು ಏಕೆ ಬೇಕಿತ್ತೆಂದರೆ, ಅನುಕೂಲಸ್ಥರ ಜೊತೆ ಮಾತ್ರ ಹೋಲಿಸಿದ್ದರೆ ಕಂಡ ಅಂತರದಲ್ಲಿ ಬಡತನದ ಪಾಲೆಷ್ಟು, ಮನೆಯಿಲ್ಲದಿರುವುದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಆಗುತ್ತಿರಲಿಲ್ಲ. ಬಡ ಪ್ರದೇಶದವರ ಜೊತೆ ಹೋಲಿಸಿದಾಗಲೂ ಅಂತರ ಉಳಿಯಿತು ಎಂಬುದೇ ಆ ವರದಿಯ ಬಲ.

ಆಗಿನ ಸ್ಕಾಟ್ಲೆಂಡಿನ ಜನಸಂಖ್ಯೆಯಲ್ಲಿ ಕನಿಷ್ಠ ನೂರಕ್ಕೆ ಎಂಟು ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಮನೆಯಿಲ್ಲದ ಸ್ಥಿತಿಯನ್ನು ಕಂಡಿದ್ದರು ಎಂದು ಅದರಿಂದ ತಿಳಿಯಿತು. ಅವರಲ್ಲಿ ನೂರಕ್ಕೆ 51 ಮಂದಿಯ ದಾಖಲೆಗಳಲ್ಲಿ ಮದ್ಯ, ಮಾದಕವಸ್ತು ಅಥವಾ ಮಾನಸಿಕ ಅನಾರೋಗ್ಯಕ್ಕೆ ಸಂಬಂಧಿಸಿದ ಯಾವ ಕುರುಹೂ ಇರಲಿಲ್ಲ. ಮೂರೂ ಕುರುಹುಗಳಿದ್ದವರು ನೂರಕ್ಕೆ ಆರು ಮಂದಿ. ಕುಡಿತದಿಂದಲೇ ಮನೆ ಹಾಳಾಗುತ್ತದೆ ಎಂಬ ಮಾತನ್ನು ನಾನು ಇಲ್ಲಿಯೂ ಕೇಳಿದ್ದೇನೆ, ನಮ್ಮೂರಿನಲ್ಲಿಯೂ ಕೇಳಿದ್ದೇನೆ, ಆದ್ದರಿಂದ ಈ ಅಂಕಿಗಳನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ: ಜನರು ಆರೋಗ್ಯ ಸೇವೆಯ ಬಾಗಿಲು ತಟ್ಟುವುದು ಮನೆ ಕಳೆದುಕೊಳ್ಳುವುದಕ್ಕೆ ಮುಂಚಿನಿಂದಲೇ ಏರುತ್ತ ಬಂದು, ಮೊದಲ ಅರ್ಜಿಯ ಸುಮಾರಿಗೆ ತುದಿ ಮುಟ್ಟುತ್ತಿತ್ತು. ಕೌನ್ಸಿಲ್ಲಿನ ಕೌಂಟರಿಗೆ ಬರುವ ಮೊದಲೇ ಅವರು ಬೇರೊಂದು ಸರ್ಕಾರಿ ಕೌಂಟರಿನ ಮುಂದೆ ನಿಂತಿದ್ದರು.

ನಮ್ಮ ತಂಡ ಕೇಳಹೊರಟ ಪ್ರಶ್ನೆ ಇಲ್ಲಿಂದಲೇ ಹುಟ್ಟಿತು. ಮೊದಲ ಅರ್ಜಿಗೆ ಹಿಂದಿನ ಒಂದು ವರ್ಷದಲ್ಲಿ ತುರ್ತು ಚಿಕಿತ್ಸೆಯ ಭೇಟಿಗಳೂ ತಪ್ಪಿದ ಹೊರರೋಗಿ ತಪಾಸಣೆಗಳೂ ಯಾವ ಕ್ರಮದಲ್ಲಿ ಬರುತ್ತವೆ, ಆಸ್ಪತ್ರೆಯವರು ಗುರುತಿಸಬಹುದಾದ ಸೂಚನೆ ಅದರಲ್ಲಿದೆಯೇ ಎಂಬುದನ್ನು ತಿಳಿಯಬೇಕಿತ್ತು. ಇಂಥ ಪ್ರಶ್ನೆ ಇಟ್ಟುಕೊಂಡವರು ಮೊದಲು ಹೋಗಬೇಕಾದದ್ದು ಸಂಶೋಧಕರಿಗೆ ಆರೋಗ್ಯ ದಾಖಲೆಗಳನ್ನು ಪಡೆಯಲು ನೆರವಾಗುವ, ಪಬ್ಲಿಕ್ ಹೆಲ್ತ್ ಸ್ಕಾಟ್ಲೆಂಡಿನ ಇಡ್ರಿಸ್ ಎಂಬ ಸೇವೆಗೆ. ಅಲ್ಲಿ ಪ್ರತಿ ಯೋಜನೆಗೂ ಒಬ್ಬರು ಸಂಯೋಜಕರನ್ನು ಕೊಡುತ್ತಾರೆ. ನಮ್ಮ ಸಂಯೋಜಕರು ನಾವು ಕೇಳಿದ ಅಂಕಣಗಳ ಪಟ್ಟಿಯನ್ನು ಸಾಲುಸಾಲಾಗಿ ಓದಿ, “ಇದು ಇಲ್ಲದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲವೇ?” ಎಂದು ಒಂದೊಂದಕ್ಕೂ ಕೇಳಿದರು. ಹುಟ್ಟಿದ ದಿನಾಂಕದ ಬದಲು ವಯಸ್ಸಿನ ಗುಂಪು ಸಾಕಾಯಿತು. ಪೋಸ್ಟ್‌ಕೋಡಿನ ಬದಲು, ಆ ಪ್ರದೇಶವು ಬಡತನದ ಸೂಚ್ಯಂಕದ ಐದು ಭಾಗಗಳಲ್ಲಿ ಯಾವುದಕ್ಕೆ ಸೇರಿದೆ ಎಂಬುದಷ್ಟೇ ಸಾಕಾಯಿತು. ಪಟ್ಟಿ ಸಣ್ಣದಾದಷ್ಟೂ ನಮ್ಮ ಪ್ರಶ್ನೆಯೇ ಸ್ಪಷ್ಟವಾಗುತ್ತ ಹೋಯಿತು.

ಮುಂದಿನದು ಅನುಮತಿ: ಆರೋಗ್ಯ ದಾಖಲೆಗಳಿಗೆ ಒಂದು ಸಮಿತಿ, ಸರ್ಕಾರದ ಅಂಕಿಅಂಶಗಳಿಗೆ ಇನ್ನೊಂದು ಸಮಿತಿ. ಎರಡೂ ಕೇಳುವುದು ಸಾರ್ವಜನಿಕ ಹಿತ ಮತ್ತು ಖಾಸಗಿತನ ಎಂಬ ಎರಡೇ ಮಾತನ್ನು, ಆದರೆ ಉತ್ತರ ಬರೆಯಬೇಕಾದ ಪುಟಗಳು ಬಹಳ. ಇಷ್ಟು ಲಕ್ಷ ಜನರ ಒಪ್ಪಿಗೆಯನ್ನು ಒಬ್ಬೊಬ್ಬರಿಂದ ಪಡೆಯಲು ಸಾಧ್ಯವಿಲ್ಲ. ಸಾರ್ವಜನಿಕ ಕಾರ್ಯ ಎಂಬ ಕಾನೂನಿನ ಆಧಾರದ ಮೇಲೆ ಈ ಕೆಲಸ ನಡೆಯುತ್ತದೆ. ಕೇಳದೆ ಬಳಸುವ ದಾಖಲೆಗೆ ಕೇಳಿ ಪಡೆದದ್ದಕ್ಕಿಂತ ಬಿಗಿಯಾದ ಕಾವಲು ಇರಲೇಬೇಕು. ಇಂಗ್ಲೆಂಡಿನಲ್ಲಿ 2013ರಲ್ಲಿ ಆರಂಭವಾದ, ರೋಗಿಗಳ ದಾಖಲೆಗಳನ್ನು ಒಂದೆಡೆ ಸೇರಿಸುವ ಕೇರ್ ಡೇಟಾ ಎಂಬ ಯೋಜನೆ ಜನರ ವಿಶ್ವಾಸ ಗಳಿಸಲಾರದೆ 2016ರಲ್ಲಿ ಮುಚ್ಚಿಹೋದದ್ದು ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ನೆನಪಿದೆ. ಹಾಗೆಂದು ಎಲ್ಲ ವಿಳಂಬವನ್ನೂ ಕಾವಲಿನ ಹೆಸರಿನಲ್ಲಿ ಸಮರ್ಥಿಸಲು ನಾನು ಸಿದ್ಧಳಿಲ್ಲ. ದಾಖಲೆ ಹೊಂದಿದ್ದ ಒಂದು ಸಂಸ್ಥೆಯಲ್ಲಿ ನಮ್ಮ ಕಡತ ಒಂದು ವಿಭಾಗದಿಂದ ಇನ್ನೊಂದಕ್ಕೆ ಓಡಾಡುತ್ತ, ಯಾರೂ ಯಾವ ಆಕ್ಷೇಪವನ್ನೂ ಎತ್ತದೆ, ಕೇವಲ ಸಹಿಗಾಗಿ ತಿಂಗಳುಗಟ್ಟಲೆ ಬಿದ್ದಿತ್ತು. ಅದರಿಂದ ಯಾರ ಗುಟ್ಟಿಗೂ ಹೆಚ್ಚಿನ ಕಾವಲು ಸಿಗಲಿಲ್ಲ. ನಮ್ಮ ಅನುದಾನದ ಅವಧಿ ಮಾತ್ರ ಕರಗಿತು. ಒಂದು ಪ್ರಶ್ನೆಯನ್ನು ಯೋಚಿಸಲು ಹಿಡಿಯುವ ಕಾಲವನ್ನು ನಾನು ಗೌರವಿಸುತ್ತೇನೆ, ಕಡತ ಮೇಜಿನ ಮೇಲೆ ಕೊಳೆಯುವ ಕಾಲವನ್ನಲ್ಲ.

ಸಮಿತಿಗಳಿಗೆ ಅರ್ಜಿ ಸಲ್ಲಿಸುವ ಮೊದಲು, ಸ್ವತಃ ಮನೆ ಕಳೆದುಕೊಂಡು ಚೇತರಿಸಿಕೊಂಡ ಕೆಲವರ ಗುಂಪಿನ ಮುಂದೆ ಯೋಜನೆಯನ್ನು ಇಟ್ಟೆವು. ಅಲ್ಲಿ ಒಬ್ಬ ತಾಯಿ ಕೇಳಿದರು: “ನನ್ನ ಮಗ ದೊಡ್ಡವನಾಗಿ ಕೆಲಸಕ್ಕೆ ಅರ್ಜಿ ಹಾಕಿದಾಗ, ಅವನು ಚಿಕ್ಕಂದಿನಲ್ಲಿ ತಾತ್ಕಾಲಿಕ ವಸತಿಯಲ್ಲಿದ್ದ ಎಂಬುದು ಇದರಿಂದ ಯಾರಿಗಾದರೂ ತಿಳಿಯುತ್ತದೆಯೇ?” ಇಲ್ಲ ಎಂದು ಹೇಳುವುದು ಸುಲಭವಾಗಿತ್ತು. ಏಕೆ ಇಲ್ಲ ಎಂಬುದನ್ನು ಅವರಿಗೆ ಒಪ್ಪಿಗೆಯಾಗುವಂತೆ ವಿವರಿಸಲು ಆ ಸಂಜೆಯ ಬಹುಪಾಲು ಬೇಕಾಯಿತು. ಇನ್ನೊಬ್ಬರ ಅನುಮಾನ ಬೇರೆಯ ರೀತಿಯದು: ತಪಾಸಣೆಗೆ ಹೋಗದಿದ್ದವರ ಪಟ್ಟಿ ಮಾಡಿ, ಅವರೇ ಬೇಜವಾಬ್ದಾರರು ಎಂದು ಬರೆಯುತ್ತೀರಾ ಎಂದು ಅವರು ಕೇಳಿದರು. ಪತ್ರ ಹಳೆಯ ವಿಳಾಸಕ್ಕೆ ಹೋಗುತ್ತಿತ್ತು, ಫೋನಿನಲ್ಲಿ ಹಣವಿರಲಿಲ್ಲ, ಬಸ್ಸಿಗೂ ಇರಲಿಲ್ಲ ಎಂದು ತಮ್ಮದೇ ಅನುಭವ ಹೇಳಿದರು. ತಪ್ಪಿದ ತಪಾಸಣೆಯನ್ನು ರೋಗಿಯ ನಡತೆ ಎಂದು ಓದದೆ, ಸೇವೆಯು ರೋಗಿಯನ್ನು ತಲುಪದ ಗುರುತು ಎಂದು ಓದಬೇಕೆಂಬ ನಮ್ಮ ವಿಶ್ಲೇಷಣೆಯ ಮುಖ್ಯ ನಿಲುವು ಆ ಸಭೆಯಿಂದ ಬಂದದ್ದು.

ಆ ತಾಯಿಗೆ ನಾನು ವಿವರಿಸಿದ್ದು ದಾಖಲೆಗಳನ್ನು ಜೋಡಿಸುವ ಬಗೆಯನ್ನು. ಸ್ಕಾಟ್ಲೆಂಡಿನಲ್ಲಿ ಆರೋಗ್ಯ ಸೇವೆಗೆ ನೋಂದಾಯಿಸಿಕೊಂಡ ಪ್ರತಿಯೊಬ್ಬರಿಗೂ ಸಿಎಚ್‌ಐ ಎಂಬ ಹತ್ತು ಅಂಕಿಗಳ ಸಂಖ್ಯೆಯಿದೆ, ಅದರ ಮೊದಲ ಆರು ಅಂಕಿಗಳು ಹುಟ್ಟಿದ ದಿನ, ತಿಂಗಳು, ವರ್ಷ. ಕೌನ್ಸಿಲ್ಲಿನ ದಾಖಲೆಯಲ್ಲಿ ಆ ಸಂಖ್ಯೆ ಇರುವುದಿಲ್ಲ. ಆದ್ದರಿಂದ ಹೆಸರು, ಹುಟ್ಟಿದ ದಿನಾಂಕ, ಲಿಂಗ, ಪೋಸ್ಟ್‌ಕೋಡ್ ಇಷ್ಟೇ ವಿವರಗಳು ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡಿನ ಒಂದು ಪ್ರತ್ಯೇಕ ತಂಡಕ್ಕೆ ಹೋಗುತ್ತವೆ. ಯಾರು ಯಾರೆಂದು ಹೊಂದಿಸುವುದಷ್ಟೇ ಆ ತಂಡದ ಕೆಲಸ. ಅವರಿಗೆ ರೋಗದ ವಿವರವೂ ಗೊತ್ತಿಲ್ಲ, ಮನೆ ಹೋದ ಕಾರಣವೂ ಗೊತ್ತಿಲ್ಲ. ಅವರು ಈ ಒಂದು ಯೋಜನೆಗೆ ಮಾತ್ರ ಸಲ್ಲುವ ಅರ್ಥವಿಲ್ಲದ ಸಂಖ್ಯೆಗಳನ್ನು ಕೊಡುತ್ತಾರೆ. ದಾಖಲೆ ಹೊಂದಿದ ಸಂಸ್ಥೆಗಳು ಹೆಸರು ವಿಳಾಸಗಳನ್ನು ತೆಗೆದುಹಾಕಿ, ಆ ಸಂಖ್ಯೆಯನ್ನು ಅಂಟಿಸಿ, ಉಳಿದ ವಿವರಗಳನ್ನು ಮಾತ್ರ ನ್ಯಾಷನಲ್ ಸೇಫ್ ಹೇವನ್ ಎಂಬ ಸುರಕ್ಷಿತ ವ್ಯವಸ್ಥೆಗೆ ಕಳಿಸುತ್ತವೆ. ಹೆಸರು ಬಲ್ಲವರಿಗೆ ಕಥೆ ಗೊತ್ತಾಗುವುದಿಲ್ಲ, ಕಥೆ ಓದುವ ನಮಗೆ ಹೆಸರು ಗೊತ್ತಾಗುವುದಿಲ್ಲ.

ಈ ಹೊಂದಾಣಿಕೆ ಎಲ್ಲರ ವಿಷಯದಲ್ಲಿ ಒಂದೇ ರೀತಿ ನಡೆಯುವುದಿಲ್ಲ ಎಂಬುದು ಕನ್ನಡದವಳಾದ ನನಗೆ ಬೇಗ ಹೊಳೆಯಿತು. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟುಕೊಂಡು ಬಂದ ನಮ್ಮಂಥವರಿಗೆ ಇಲ್ಲಿ ಕೊನೆಯ ಹೆಸರು ಯಾವುದು ಎಂದು ಕೇಳಿದಾಗ, ವೈದ್ಯರ ಕಚೇರಿಯಲ್ಲಿ ತಂದೆಯ ಹೆಸರು ಹೇಳಿ, ಕೌನ್ಸಿಲ್ಲಿನಲ್ಲಿ ತನ್ನ ಹೆಸರನ್ನೇ ಹೇಳಿ ಬಂದವರನ್ನು ನಾನು ಬಲ್ಲೆ. ನನ್ನ ಸ್ವಂತ ದಾಖಲೆಗಳೇ ಎರಡು ಬಗೆಯಲ್ಲಿವೆ. ಒಂದೇ ದಿನಾಂಕ, ಒಂದೇ ಲಿಂಗ, ಆದರೆ ಹೆಸರು ಹಿಂದುಮುಂದು ಅಥವಾ ಕಾಗುಣಿತ ಬೇರೆ. ಇಂಥಲ್ಲಿ ಯಂತ್ರವು ಸಂಭವನೀಯತೆಯ ಲೆಕ್ಕ ಹಾಕಿ ಹೌದೋ ಅಲ್ಲವೋ ಎಂದು ನಿರ್ಧರಿಸುತ್ತದೆ. ವೈದ್ಯರಲ್ಲಿ ನೋಂದಾಯಿಸಿಕೊಳ್ಳದವರು, ಮೇಲಿಂದ ಮೇಲೆ ವಿಳಾಸ ಬದಲಿಸಿದವರು, ವಲಸೆ ಬಂದವರು ಈ ಜರಡಿಯಿಂದ ಸುಲಭವಾಗಿ ಬಿದ್ದುಹೋಗುತ್ತಾರೆ, ಮತ್ತು ನಮಗೆ ಬೇಕಾದವರು ಬಹಳ ಸಲ ಅವರೇ ಆಗಿರುತ್ತಾರೆ. ಆದ್ದರಿಂದ ಎಷ್ಟು ದಾಖಲೆ ಹೊಂದಿದವು ಎಂಬ ಒಟ್ಟು ಅಂಕಿಯಷ್ಟೇ ಸಾಲದು, ಹೊಂದದವರು ಯಾವ ವಯಸ್ಸಿನವರು, ಯಾವ ಪ್ರದೇಶದವರು ಎಂಬ ಪ್ರತ್ಯೇಕ ಪಟ್ಟಿಯೂ ವರದಿಯಲ್ಲಿ ಇರಬೇಕೆಂದು ನಾನು ಪಟ್ಟು ಹಿಡಿದೆ.

ಕಡ್ಡಾಯ ತರಬೇತಿ ಮುಗಿಸಿ, ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಸೇಫ್ ಹೇವನ್ನಿನ ಒಳಗೆ ಪ್ರವೇಶ ಸಿಕ್ಕಿತು. ಅಲ್ಲಿ ಇಂಟರ್ನೆಟ್ ಇಲ್ಲ, ಒಂದು ಸಾಲನ್ನೂ ನಕಲು ಮಾಡಿ ಹೊರಗೆ ಒಯ್ಯುವಂತಿಲ್ಲ. ಹೊರರೋಗಿ ದಾಖಲೆಯಲ್ಲಿ ಹಾಜರಿಗೆ ಒಂದು ಅಂಕಣವಿದೆ: 1 ಎಂದರೆ ವೈದ್ಯರು ರೋಗಿಯನ್ನು ನೋಡಿದರು, 5 ಎಂದರೆ ರೋಗಿ ಬಂದರೂ ತಪಾಸಣೆಯಾಗಲಿಲ್ಲ, 8 ಎಂದರೆ ಮುನ್ಸೂಚನೆಯಿಲ್ಲದೆ ರೋಗಿ ಬರಲಿಲ್ಲ. ಪ್ರತಿಯೊಬ್ಬರ ಮೊದಲ ಅರ್ಜಿಯ ತಿಂಗಳನ್ನು ಸೊನ್ನೆ ಎಂದಿಟ್ಟು, ಅದರ ಹಿಂದಿನ ತಿಂಗಳುಗಳನ್ನು ಋಣ ಒಂದು, ಋಣ ಎರಡು ಎಂದು ಎಣಿಸುತ್ತ ಋಣ ಹನ್ನೆರಡರವರೆಗೆ ಸಾಲಾಗಿ ಜೋಡಿಸಿದೆವು. ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಊರುಗಳಲ್ಲಿ ಮನೆ ಕಳೆದುಕೊಂಡವರು ಹೀಗೆ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ. ಕೌಂಟರಿನಲ್ಲಿ ಕುಳಿತು ಯಾವ ಕಾಲವನ್ನು ನಮೂನೆಯಲ್ಲಿ ಹಿಡಿಯಲಾಗದೆ ಚಡಪಡಿಸುತ್ತಿದ್ದೆನೋ ಅದು ಆ ಕೋಷ್ಟಕದಲ್ಲಿ ಅಂಕಣ ಅಂಕಣವಾಗಿ ನನ್ನೆದುರಿಗಿತ್ತು. ನಮ್ಮ ಅಂಕಿಗಳು ಇನ್ನೂ ಪ್ರಕಟವಾಗಬೇಕಿರುವುದರಿಂದ ಇಲ್ಲಿ ಅವನ್ನು ಬರೆಯುವಂತಿಲ್ಲ.

ಅಂಕಿಗಳು ಹೊರಬರುವ ಬಗೆಯ ಬಗ್ಗೆ ಒಂದು ಮಾತು. ಪ್ರತಿ ಕೋಷ್ಟಕವನ್ನೂ ಅಲ್ಲಿನ ಸಿಬ್ಬಂದಿ ಪರಿಶೀಲಿಸಿ, ಯಾರ ಗುರುತೂ ಸಿಗದೆಂದು ಖಾತ್ರಿಯಾದ ಮೇಲೆ ಬಿಡುಗಡೆ ಮಾಡುತ್ತಾರೆ. ತೀರ ಸಣ್ಣ ಸಂಖ್ಯೆಗಳನ್ನು ಅಳಿಸಲಾಗುತ್ತದೆ. ಆರ್ಕ್ನಿ, ಶೆಟ್ಲೆಂಡ್‌ಗಳಂಥ ದ್ವೀಪಗಳ ಕೌನ್ಸಿಲ್ಲುಗಳಲ್ಲಿ ಒಂದು ವಯಸ್ಸಿನ ಮಹಿಳೆಯರನ್ನು ಮಾತ್ರ ಬೇರ್ಪಡಿಸಿದರೆ, ಅಲ್ಲಿನವರಿಗೆ ಅವರು ಯಾರೆಂದು ಊಹಿಸುವುದು ಕಷ್ಟವಲ್ಲ. ಇದರಿಂದ ದೂರದ ಸಣ್ಣ ಸಮುದಾಯಗಳ ಚಿತ್ರ ಮಸುಕಾಗುತ್ತದೆ ಎಂಬುದು ನಿಜ. ಅವರ ವಿಷಯ ತಿಳಿಯಲು ಅಲ್ಲಿಗೇ ಹೋಗಿ ಮಾತಾಡಬೇಕು. ಜೋಡಿಸಿದ ದಾಖಲೆ ಆ ಕೆಲಸಕ್ಕೆ ಬದಲಿಯಲ್ಲ. ಹಾಗೆಯೇ, ಕೌನ್ಸಿಲ್ಲಿಗೆ ಬಾರದೆ ಸ್ನೇಹಿತರ ಸೋಫಾದ ಮೇಲೆ ದಿನ ದೂಡುವವರು ಎಚ್‌ಎಲ್‌1ರಲ್ಲಿ ಇಲ್ಲವೇ ಇಲ್ಲ.

ಇಂಥ ಲೆಕ್ಕ ನೀತಿಯನ್ನು ಬದಲಿಸಬಲ್ಲದು ಎಂಬುದಕ್ಕೆ ಅಮೆರಿಕದಲ್ಲಿ ಹಳೆಯ ಉದಾಹರಣೆಯಿದೆ. ಸಂಶೋಧಕ ಡೆನಿಸ್ ಕಲ್ಹೇನ್ ಮತ್ತು ಸಂಗಡಿಗರು 1998ರಲ್ಲಿ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ನಗರಗಳ ಆಶ್ರಯ ಕೇಂದ್ರಗಳ ದಾಖಲೆಗಳಿಂದ, ನೂರಕ್ಕೆ ಸುಮಾರು ಹತ್ತು ಮಂದಿಯಷ್ಟೇ ದೀರ್ಘಕಾಲ ಉಳಿದು ಕೇಂದ್ರಗಳ ಸುಮಾರು ಅರ್ಧದಷ್ಟು ದಿನಗಳನ್ನು ಬಳಸುತ್ತಾರೆಂದು ತೋರಿಸಿದರು. 2002ರಲ್ಲಿ ಆಸ್ಪತ್ರೆ, ಜೈಲು, ಆಶ್ರಯ ಕೇಂದ್ರಗಳ ದಾಖಲೆಗಳನ್ನು ಸೇರಿಸಿ, ತೀವ್ರ ಮಾನಸಿಕ ಕಾಯಿಲೆಯಿದ್ದು ಮನೆಯೂ ಇಲ್ಲದ ಒಬ್ಬ ವ್ಯಕ್ತಿಗೆ ನ್ಯೂಯಾರ್ಕಿನಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ಡಾಲರುಗಳ ಸೇವೆ ಬೇಕಾಗುತ್ತಿತ್ತೆಂದೂ, ಬೆಂಬಲ ಸಹಿತ ಮನೆ ಕೊಟ್ಟಾಗ ಅದರಲ್ಲಿ ಸುಮಾರು 16 ಸಾವಿರ ಉಳಿಯುತ್ತದೆಂದೂ ಲೆಕ್ಕ ಹಾಕಿದರು. ಬೀದಿಯಲ್ಲಿ ಬಿಡುವುದೂ ಖರ್ಚಿನ ಆಯ್ಕೆಯೇ ಎಂಬುದು ಖಜಾನೆಯವರಿಗೆ ಆಗ ಅರ್ಥವಾಯಿತು. ಖರ್ಚಿನ ವಾದ ಉಪಯುಕ್ತ, ಆದರೆ ಅದನ್ನೇ ಮುಂದಿಡಲು ನನಗೆ ಹಿಂಜರಿಕೆಯಿದೆ, ಏಕೆಂದರೆ ಸದ್ದಿಲ್ಲದೆ ಸೊರಗುವವರು ಯಾವ ಸೇವೆಯನ್ನೂ ಬಳಸುವುದಿಲ್ಲ, ಅವರಿಂದ ಯಾವ ಉಳಿತಾಯವೂ ಕಾಣುವುದಿಲ್ಲ.

ರಜೆಯಲ್ಲಿ ಬೆಂಗಳೂರಿಗೆ ಬಂದಾಗ ವಸತಿರಹಿತರ ಆಶ್ರಯ ಕೇಂದ್ರವೊಂದನ್ನು ನಡೆಸುವ ಗೆಳತಿಯ ಬಳಿ ಈ ಕೆಲಸದ ವಿಷಯ ಹೇಳಿದೆ. “ನೀವಾದರೂ ಅರ್ಜಿಯಿಂದ ಶುರು ಮಾಡುತ್ತೀರಿ, ಇಲ್ಲಿ ಅರ್ಜಿ ಹಾಕುವ ಹಕ್ಕೇ ಇಲ್ಲವಲ್ಲೇ” ಎಂದಳು. ಅವಳ ಮಾತು ಸರಿ. ಸ್ಕಾಟ್ಲೆಂಡಿನಲ್ಲಿ 2012ರ ಡಿಸೆಂಬರ್ 31ರಿಂದ, ಉದ್ದೇಶಪೂರ್ವಕವಾಗಿಯಲ್ಲದೆ ಮನೆ ಕಳೆದುಕೊಂಡ ಪ್ರತಿಯೊಬ್ಬರಿಗೂ ನೆಲೆಯಾದ ವಸತಿ ಪಡೆಯುವ ಹಕ್ಕಿದೆ, ಆ ಹಕ್ಕಿನ ನೆರಳಿನಲ್ಲಿಯೇ ದಾಖಲೆ ಬೆಳೆದಿದೆ. ಭಾರತದ 2011ರ ಜನಗಣತಿ ಫೆಬ್ರವರಿ 28ರ ಒಂದು ರಾತ್ರಿ ಎಣಿಸಿ, ದೇಶದಲ್ಲಿ 17.7 ಲಕ್ಷ, ಕರ್ನಾಟಕದಲ್ಲಿ ಸುಮಾರು 76 ಸಾವಿರ ವಸತಿರಹಿತರಿದ್ದಾರೆಂದು ಹೇಳಿತು. ಒಂದು ರಾತ್ರಿಯ ಎಣಿಕೆಗೆ ಹಿಂದಿನ ತಿಂಗಳುಗಳಿರುವುದಿಲ್ಲ. ಕರ್ನಾಟಕದ ‘ಕುಟುಂಬ’ ದತ್ತಾಂಶವು ಇಲಾಖೆಗಳ ದಾಖಲೆಗಳನ್ನು ಜೋಡಿಸುತ್ತಿದೆ, ಆದರೆ ಅದರ ಬುನಾದಿ ಪಡಿತರ ಚೀಟಿ. ಚೀಟಿಯಿಲ್ಲದೆ ಫ್ಲೈಓವರ್ ಕೆಳಗೆ ಮಲಗುವವರನ್ನು ಅದಕ್ಕೆ ಸೇರಿಸುವ ಬಗೆ ಯಾವುದು, ಸೇರಿಸಿದರೆ ಅವರ ಗುರುತನ್ನು ಕಾಯುವವರು ಯಾರು ಎಂಬ ಎರಡನ್ನೂ ಒಟ್ಟಿಗೇ ಕೇಳಬೇಕಾಗುತ್ತದೆ.

ಸ್ಕಾಟ್ಲೆಂಡಿನಲ್ಲಿ 2024ರ ಮಾರ್ಚ್‌ನಲ್ಲಿ ಮಂಡನೆಯಾಗಿ 2025ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದ ವಸತಿ ಮಸೂದೆ, ಆರೋಗ್ಯ ಮಂಡಳಿಗಳೂ ಪೊಲೀಸರೂ ಸೇರಿದಂತೆ ಹಲವು ಸಾರ್ವಜನಿಕ ಸಂಸ್ಥೆಗಳ ಮೇಲೆ ಹೊಸ ಕರ್ತವ್ಯವನ್ನು ಹೊರಿಸುತ್ತದೆ. ಬಂದವರ ವಸತಿಯ ಸ್ಥಿತಿ ಏನೆಂದು ಕೇಳಬೇಕು, ಮನೆ ಹೋಗುವ ಅಪಾಯವಿದ್ದರೆ ತಮ್ಮ ಮಿತಿಯಲ್ಲಿ ಏನಾದರೂ ಮಾಡಬೇಕು. 2018ರ ವರದಿ ಎತ್ತಿ ತೋರಿಸಿದ ಸತ್ಯಕ್ಕೆ ಕಾನೂನಿನಲ್ಲಿ ಜಾಗ ಸಿಕ್ಕಿದ್ದು ನನಗೆ ಸಮಾಧಾನ ತಂದಿದೆ. ಆದರೆ 2023-24ರ ಒಂದೇ ವರ್ಷದಲ್ಲಿ 40 ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದಿವೆ, ಆ ವರ್ಷದ ಕೊನೆಗೆ ತಾತ್ಕಾಲಿಕ ವಸತಿಯಲ್ಲಿದ್ದ ಮಕ್ಕಳೇ 10 ಸಾವಿರಕ್ಕೂ ಹೆಚ್ಚು. ಕೇಳಿದ ಮೇಲೆ ಕೊಡಲು ಮನೆಯೂ ಜನಬಲವೂ ಇಲ್ಲದಿದ್ದರೆ, ತುರ್ತು ಚಿಕಿತ್ಸಾ ವಿಭಾಗದ ದಾದಿ ಕೇಳುವ ಪ್ರಶ್ನೆ ಇನ್ನೊಂದು ಗುರುತಿನ ಚೌಕವಾಗಿ ಉಳಿದೀತು. ಆದ್ದರಿಂದ ಹೊಸ ಕರ್ತವ್ಯ ಜಾರಿಗೆ ಬಂದ ಮೇಲೆ ಅದೇ ಜೋಡಣೆಯನ್ನು ಮತ್ತೆ ಮಾಡಿ, ಆಸ್ಪತ್ರೆಯಲ್ಲಿ ಈ ಪ್ರಶ್ನೆಯನ್ನು ಎದುರಿಸಿದವರಲ್ಲಿ ಎಷ್ಟು ಮಂದಿಗೆ ಕೌನ್ಸಿಲ್ಲಿನ ಕೌಂಟರಿಗೆ ಬರುವ ಅಗತ್ಯವೇ ಬೀಳಲಿಲ್ಲ ಎಂದು ನೋಡುವ ಹೊಸ ಅರ್ಜಿಯನ್ನು ಸಿದ್ಧಪಡಿಸುತ್ತಿದ್ದೇವೆ. ಸಮಿತಿಗಳಿಗೆ ಕಳಿಸುವ ಮುನ್ನ ಅದನ್ನು ಮತ್ತೆ ಅದೇ ಗುಂಪಿನ ಮುಂದೆ ಇಡಲಿದ್ದೇವೆ, ಈ ಸಲ ಅಂಕಣಗಳ ಪಟ್ಟಿಯ ಸಮೇತ.